ಮಕ್ಕಳಿಗೂ ಬೈಪಾಸ್ ಆಪರೇಷನ್ನಾ? ಕವಾಸಾಕಿ ಕಾಯಿಲೆ ಮತ್ತು ಪುಟ್ಟ ಹೃದಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಪಾಸ್ ಅಂದ ಕೂಡಲೇ ಅರವತ್ತು ದಾಟಿದ, ಶುಗರ್ ಇರುವ, ಬೀಡಿ ಬಿಡದ ಯಜಮಾನರು ನೆನಪಾಗುತ್ತಾರೆ. ಅದೇ ಮಾತನ್ನು ಡಾಕ್ಟರು ಆರು ವರ್ಷದ ಮಗುವಿನ ಬಗ್ಗೆ ಹೇಳಿದರೆ ಮನೆಯವರಿಗೆ ಏನು ಕೇಳಬೇಕು ಅಂತಲೇ ತೋಚುವುದಿಲ್ಲ. ಅಪ್ಪ ಅಮ್ಮ, ಅಜ್ಜಿ, ಮಾವಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಇದನ್ನು ಓದಿ ಮಗುವಿನ ಮಾತ್ರೆ ನಿಲ್ಲಿಸುವುದು, ಹೆಚ್ಚು ಕಡಿಮೆ ಮಾಡುವುದು ಮಾತ್ರ ಬೇಡ.

## ಮೊದಲ ಗೊಂದಲಗಳು

ಮಕ್ಕಳಿಗೆ ಬೈಪಾಸ್ ಯಾಕೆ ಬೇಕಾಗುತ್ತೆ? ಅವರಿಗೇನು ಕೊಬ್ಬು ಕಟ್ಟಿಕೊಂಡಿರುತ್ತಾ?

ಹೆಚ್ಚಿನ ಮಕ್ಕಳಲ್ಲಿ ಕೊಬ್ಬಿಗೂ ಇದಕ್ಕೂ ಸಂಬಂಧವಿಲ್ಲ. ಹುಟ್ಟುವಾಗ ಹೃದಯ ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ಜ್ವರ ಬಂದು, ಹೃದಯಕ್ಕೇ ರಕ್ತ ಕೊಡುವ ಕೊರೋನರಿ ನಾಳಗಳ ಗೋಡೆ ಊದಿಕೊಂಡು ಹಾಳಾಗುತ್ತದೆ. ಈ ಕಾಯಿಲೆಯ ಹೆಸರು ಕವಾಸಾಕಿ. ಹುಟ್ಟಿದ ಮೇಲೆ ಬಂದ ಕಾಯಿಲೆಗಾಗಿ ಮಕ್ಕಳಿಗೆ ಬೈಪಾಸ್ ಮಾಡಬೇಕಾಗಿ ಬಂದರೆ, ಬಹುಪಾಲು ಸಲ ಕಾರಣ ಇದೇ.

ನಿಜವಾಗಿಯೂ ಕೊಬ್ಬಿನಿಂದಲೇ ಆಗುವ ಒಂದು ಅಪರೂಪದ ಕಾಯಿಲೆಯೂ ಇದೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಗುವಿನ ಕೊಲೆಸ್ಟ್ರಾಲ್ ವಿಪರೀತ ಏರಿ ಹದಿಹರೆಯದಲ್ಲೇ, ಕೆಲವೊಮ್ಮೆ ಅದಕ್ಕೂ ಮೊದಲೇ ನಾಳ ಕಟ್ಟಿಕೊಳ್ಳುತ್ತದೆ. ಸೋದರಮಾವ, ಅತ್ತೆ ಮಗ ಅಂತ ರಕ್ತಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆ ಇದು ಸ್ವಲ್ಪ ಜಾಸ್ತಿ ನೆನಪಿರಬೇಕು. ಮಗುವಿನ ಮೊಣಕೈ, ಮಂಡಿ, ಹಿಮ್ಮಡಿ ಹತ್ತಿರ ಹಳದಿ ಗಂಟು ಕಂಡರೆ ಚರ್ಮದ ಮುಲಾಮು ಹಚ್ಚಿ ಸುಮ್ಮನಾಗಬೇಡಿ. ಒಂದು ಕೊಲೆಸ್ಟ್ರಾಲ್ ಟೆಸ್ಟ್ ಮಾಡಿಸಿ.

ಹೃದಯದಲ್ಲಿ ತೂತು ಇರೋ ನಮ್ಮಣ್ಣನ ಮಗಳಿಗೂ "ಬೈಪಾಸ್‌ನಲ್ಲಿ ಇಟ್ಟಿದ್ವಿ" ಅಂದ್ರು. ಅದೂ ಇದೇನಾ?

ಅಲ್ಲ. ಅದು ಯಂತ್ರದ ಮಾತು. ಹೃದಯದ ಒಳಗೆ ಕೆಲಸ ಮಾಡಬೇಕಾದರೆ ಸ್ವಲ್ಪ ಹೊತ್ತು ಹೃದಯ, ಶ್ವಾಸಕೋಶಗಳ ಕೆಲಸವನ್ನು ಒಂದು ಮೆಷಿನ್ ವಹಿಸಿಕೊಳ್ಳುತ್ತದೆ. ತೂತು ಮುಚ್ಚುವಾಗಲೂ ಅದು ಬೇಕು, ವಾಲ್ವ್ ಸರಿ ಮಾಡುವಾಗಲೂ ಬೇಕು. ಇಲ್ಲಿ ಹೇಳುತ್ತಿರುವುದು ಕೊರೋನರಿ ನಾಳ ಕಟ್ಟಿಕೊಂಡ ಜಾಗವನ್ನು ಸುತ್ತುಹಾಕಿ, ಅದರ ಮುಂದಕ್ಕೆ ಹೊಸದೊಂದು ನಾಳ ಜೋಡಿಸುವ ಆಪರೇಷನ್.

ರುಮ್ಯಾಟಿಕ್ ಹಾರ್ಟ್ ಇರೋ ಮಕ್ಕಳಿಗೂ ಇದು ಬೇಕಾಗುತ್ತಾ?

ಇಲ್ಲ. ಗಂಟಲು ನೋವು, ಕೀಲು ನೋವಿನಿಂದ ಶುರುವಾಗುವ ಆ ಕಾಯಿಲೆ ವಾಲ್ವ್‌ಗಳನ್ನು ಹಾಳು ಮಾಡುತ್ತದೆ, ಕೊರೋನರಿ ನಾಳಗಳನ್ನಲ್ಲ.

ಕವಾಸಾಕಿ ಅಂದ್ರೆ ಬೈಕ್ ಕಂಪನಿ ಹೆಸರಲ್ವಾ?

ಬೈಕಿಗೂ ಇದಕ್ಕೂ ಸಂಬಂಧವಿಲ್ಲ. ತೊಮಿಸಾಕು ಕವಾಸಾಕಿ ಟೋಕಿಯೋದ ರೆಡ್ ಕ್ರಾಸ್ ಆಸ್ಪತ್ರೆಯ ಮಕ್ಕಳ ಡಾಕ್ಟರು. 1961ರಲ್ಲಿ ಅವರ ಬಳಿ ನಾಲ್ಕು ವರ್ಷದ ಒಬ್ಬ ಹುಡುಗ ಬಂದ. ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಮೈತುಂಬ ದದ್ದು. ಗೊತ್ತಿದ್ದ ಯಾವ ಕಾಯಿಲೆಗೂ ಅದು ಸರಿಹೊಂದಲಿಲ್ಲ. ಅಂಥವೇ 50 ಮಕ್ಕಳ ವಿವರ ಕೂಡಿಹಾಕಿ 1967ರಲ್ಲಿ ಜಪಾನಿ ಭಾಷೆಯಲ್ಲಿ ಬರೆದರು, 1974ರಲ್ಲಿ ಅದು ಇಂಗ್ಲಿಷಿನಲ್ಲೂ ಬಂತು. ಮೊದಮೊದಲು ಇದು ತಾನಾಗಿ ವಾಸಿಯಾಗುವ ಕಾಯಿಲೆ ಅಂತಲೇ ಅಂದುಕೊಂಡಿದ್ದರು. 1970ರಲ್ಲಿ ಜಪಾನ್ ದೇಶಾದ್ಯಂತ ಸಮೀಕ್ಷೆ ಮಾಡಿದಾಗ, ವಾಸಿಯಾದಂತೆ ಕಂಡ ಮಕ್ಕಳಲ್ಲಿ ಕೆಲವರು ದಿಢೀರನೆ ಸತ್ತಿರುವುದು ಗೊತ್ತಾಯಿತು. ಕಾರಣ ಕೊರೋನರಿ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ಕವಾಸಾಕಿಯವರು 2020ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಮಕ್ಕಳಿಗೆ ಜ್ವರ ಬರ್ತಾನೇ ಇರುತ್ತೆ. ಇದು ಕವಾಸಾಕಿ ಅಂತ ಹೇಗೆ ಅನುಮಾನ ಪಡೋದು?

ಐದು ದಿನ ಬಿಡದ ಜ್ವರ, ಅದರ ಜೊತೆ ಇವುಗಳಲ್ಲಿ ಹೆಚ್ಚಿನವು: ಎರಡೂ ಕಣ್ಣು ಕೆಂಪಾಗಿರುತ್ತವೆ ಆದರೆ ಪಿಸುರು ಇರುವುದಿಲ್ಲ. ತುಟಿ ಕೆಂಪಾಗಿ ಬಿರಿದಿರುತ್ತದೆ, ನಾಲಿಗೆ ಸ್ಟ್ರಾಬೆರಿ ಥರ ಕೆಂಪು ಕೆಂಪಾಗಿ ತರಿತರಿ. ಮೈಮೇಲೆ ದದ್ದು. ಅಂಗೈ ಅಂಗಾಲು ಊದಿ ಕೆಂಪಾಗುತ್ತವೆ. ಕತ್ತಿನ ಒಂದು ಪಕ್ಕ ಗಡ್ಡೆ. ಎರಡು ಮೂರು ವಾರ ಕಳೆದ ಮೇಲೆ ಬೆರಳ ತುದಿಯ ಚರ್ಮ ಸುಲಿಯುತ್ತದೆ, ಆದರೆ ಅದಕ್ಕಾಗಿ ಕಾಯುತ್ತ ಕೂತರೆ ತಡವಾಯಿತು ಅಂತಲೇ ಅರ್ಥ.

ನಮ್ಮ ಮಕ್ಕಳಿಗೆ ಇನ್ನೊಂದು ಸುಳಿವು ಸಿಗಬಹುದು. ಹುಟ್ಟಿದಾಗ ತೋಳಿಗೆ ಬಿಸಿಜಿ ಚುಚ್ಚಿದ ಜಾಗ ಇದ್ದಕ್ಕಿದ್ದ ಹಾಗೆ ಕೆಂಪಾಗಿ ಊದಿಕೊಳ್ಳುತ್ತದೆ. ಎಲ್ಲರಿಗೂ ಆಗಲ್ಲ, ಹಾಗೇನಾದರೂ ಆದರೆ ಡಾಕ್ಟರಿಗೆ ತೋರಿಸಲೇಬೇಕು. ಇನ್ನು ಆರು ತಿಂಗಳ ಒಳಗಿನ ಕೂಸುಗಳದ್ದು ಬೇರೆಯೇ ತಲೆನೋವು. ಅವರಲ್ಲಿ ಲಕ್ಷಣ ಪೂರ್ತಿ ಕಾಣುವುದೇ ಇಲ್ಲ, ನಾಳ ಹಾಳಾಗುವ ಅಪಾಯ ಮಾತ್ರ ಜಾಸ್ತಿ. ದಡಾರ, ಡೆಂಗ್ಯೂ, ಸುಮ್ನೆ ವೈರಲ್ ಜ್ವರ ಅಂತ ದಿನ ತಳ್ಳುವುದು ಇಲ್ಲೇ.

ಇದು ಅಂಟುಕಾಯಿಲೆನಾ? ತಮ್ಮನಿಗೂ ಬರುತ್ತಾ?

ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಯಾಕೆ ಬರುತ್ತದೆ ಅನ್ನುವುದು ಇವತ್ತಿಗೂ ವೈದ್ಯರಿಗೆ ಗೊತ್ತಿಲ್ಲ. ಯಾವುದೋ ಸೋಂಕು ಕಿಡಿ ಹಚ್ಚುತ್ತದೆ, ಕೆಲವು ಮಕ್ಕಳ ಮೈ ಅದಕ್ಕೆ ಅತಿಯಾಗಿ ರೇಗುತ್ತದೆ ಅನ್ನುವುದು ಸದ್ಯದ ಅಂದಾಜು. ಜಪಾನಿ ಮಕ್ಕಳಲ್ಲಿ ಇದು ಪ್ರಪಂಚದಲ್ಲೇ ಅತಿ ಹೆಚ್ಚು, ಅಲ್ಲಿ ಒಡಹುಟ್ಟಿದವರಿಗೆ ಬರುವ ಸಂಭವ ಬೇರೆ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು. ಹಾಗಂದರೂ ನೂರರಲ್ಲಿ ಎರಡು ಅಷ್ಟೇ. ತಮ್ಮನಿಗೆ ಬಿಡದ ಜ್ವರ ಬಂದರೆ ಅಣ್ಣನ ಕಥೆ ಡಾಕ್ಟರಿಗೆ ಹೇಳಿ, ಅಷ್ಟು ಸಾಕು.

## ಜ್ವರ ಇಳಿದ ಮೇಲೆ

ಬೇಗ ಟ್ರೀಟ್‌ಮೆಂಟ್ ಕೊಟ್ಟರೆ ಹೃದಯ ಉಳಿಯುತ್ತಾ?

ಬಹುಪಾಲು ಉಳಿಯುತ್ತದೆ. ದಾನಿಗಳ ರಕ್ತದಿಂದ ತಯಾರಿಸುವ ಇಮ್ಯುನೋಗ್ಲೋಬುಲಿನ್ ಅನ್ನುವ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಐವಿಐಜಿ ಅನ್ನುವುದು ಇದನ್ನೇ. ಮಗುವಿನ ತೂಕದ ಪ್ರತಿ ಕೆಜಿಗೆ 2 ಗ್ರಾಂ, ಜ್ವರ ಶುರುವಾದ ಹತ್ತು ದಿನದೊಳಗೆ. ಔಷಧಿ ಕೊಡದಿದ್ದರೆ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಕೊರೋನರಿ ನಾಳ ಉಬ್ಬುತ್ತದೆ. ಸರಿಯಾದ ಹೊತ್ತಿಗೆ ಕೊಟ್ಟರೆ ಅದು ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ಬೆಲೆ ದುಬಾರಿ, ಹೌದು. ಆದರೆ ಮುಂದೆ ಬರಬಹುದಾದ ಆಪರೇಷನ್ನಿನ ಮುಂದೆ ಅದು ಏನೂ ಅಲ್ಲ. ನನ್ನನ್ನು ಕೇಳಿದರೆ, ಮಕ್ಕಳ ಬೈಪಾಸ್ ಬಗ್ಗೆ ಹೇಳಬೇಕಾದ ಅತಿ ಮುಖ್ಯ ಮಾತು ಇದೇ: ಅದನ್ನು ತಪ್ಪಿಸುವ ಅವಕಾಶ ಆ ಮೊದಲ ಹತ್ತು ದಿನಗಳಲ್ಲಿದೆ.

ಎಕೋದಲ್ಲಿ ಅನ್ಯೂರಿಸಂ ಅಂತ ಬರೆದಿದ್ದಾರೆ. ಅದು ಯಾವಾಗ ಬೇಕಾದ್ರೂ ಒಡೆದು ಹೋಗುತ್ತಾ?

ಎಕೋ ಅಂದರೆ ಹೃದಯದ ಸ್ಕ್ಯಾನ್, ಅನ್ಯೂರಿಸಂ ಅಂದರೆ ನಾಳದ ಗೋಡೆ ಸಡಿಲವಾಗಿ ಉಬ್ಬಿರುವುದು. ಒಡೆಯುವುದು ಬಹಳ ಅಪರೂಪ, ಅದೂ ಸಾಮಾನ್ಯವಾಗಿ ಕಾಯಿಲೆಯ ಮೊದಲ ವಾರಗಳಲ್ಲಿ. ನಿಜವಾದ ಅಪಾಯ ಎರಡು. ಹೊಳೆ ಅಗಲವಾದ ಕಡೆ ನೀರು ನಿಧಾನವಾಗಿ ಹೂಳು ಕೂರುತ್ತದಲ್ಲ, ಹಾಗೆಯೇ ಉಬ್ಬಿದ ನಾಳದಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಇದು ಮೊದಲ ವರ್ಷದ ಭಯ. ಎರಡನೆಯದು ವರ್ಷಗಟ್ಟಲೆ ತೆಗೆದುಕೊಂಡು ಬರುತ್ತದೆ. ಉಬ್ಬಿನ ಆಚೀಚೆ ತುದಿಗಳಲ್ಲಿ ಗೋಡೆ ದಪ್ಪವಾಗಿ, ಗಾಯ ಮಾಗಿದ ಕಲೆಯಂತೆ ಗಟ್ಟಿಯಾಗಿ, ಸುಣ್ಣ (ಕ್ಯಾಲ್ಸಿಯಂ) ಕೂತು ದಾರಿ ಕಿರಿದಾಗುತ್ತದೆ. ಬೈಪಾಸ್ ಬೇಕಾಗುವುದು ಹೆಚ್ಚಾಗಿ ಈ ಎರಡನೇ ಕಾರಣಕ್ಕೆ.

ಎಲ್ಲ ಉಬ್ಬೂ ಹೀಗಾಗುವುದಿಲ್ಲ. ಸುಮಾರು ಅರ್ಧದಷ್ಟು ಒಂದೆರಡು ವರ್ಷದಲ್ಲಿ ಮತ್ತೆ ಮಾಮೂಲಿ ಅಳತೆಗೆ ಬರುತ್ತವೆ. ಚಿಂತೆ ಇರುವುದು 8 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಉಬ್ಬುಗಳದ್ದು, ಜೈಂಟ್ ಅನ್ಯೂರಿಸಂ ಅಂತಾರೆ. ಇವು ಮಾಮೂಲಿಗೆ ಮರಳುವುದು ಅಪರೂಪ. ಚಿಕ್ಕ ಕೂಸಿಗೆ ಮಿಲಿಮೀಟರ್ ಲೆಕ್ಕ ಸಾಲದು, ಮೈಗಾತ್ರಕ್ಕೆ ಹೋಲಿಸಿ ಝಡ್ ಸ್ಕೋರ್ ಅಂತ ಹಾಕುತ್ತಾರೆ. ಅದು 10 ಅಥವಾ ಮೇಲಿದ್ದರೂ ಜೈಂಟ್ ಅಂತಲೇ. ರಿಪೋರ್ಟಿನಲ್ಲಿ ಈ ಅಂಕಿ ಎಲ್ಲಿದೆ ಅಂತ ಕೇಳಿ ನೋಡಿಕೊಳ್ಳಿ.

ಹಾಗಾದ್ರೆ ಈಗಲೇ ಆಪರೇಷನ್ ಮಾಡಿ ಮುಗಿಸಿಬಿಡಬಹುದಲ್ವಾ? ಕಾಯೋದ್ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇದಕ್ಕೆ ಸಮಾಧಾನವಾಗಿ ಉತ್ತರ ಕೊಡುವ ಡಾಕ್ಟರು ಸಿಕ್ಕರೆ ಪುಣ್ಯ.

ಬೈಪಾಸ್ ಮಾಡುವುದು ಉಬ್ಬಿಗಲ್ಲ, ರಕ್ತ ಸಾಲದೆ ಹೋಗುವುದಕ್ಕೆ. ನಾಳ ಉಬ್ಬಿದ್ದರೂ ರಕ್ತ ಸರಾಗವಾಗಿ ಹೋಗುತ್ತಿದ್ದರೆ ಹೊಸ ನಾಳ ಜೋಡಿಸಿ ಪ್ರಯೋಜನವಿಲ್ಲ. ಅಷ್ಟೇ ಅಲ್ಲ, ಅದರಿಂದ ನಷ್ಟವೂ ಇದೆ. ಹಳೆಯ ದಾರಿಯಲ್ಲೇ ಧಾರಾಳವಾಗಿ ರಕ್ತ ಬರುತ್ತಿರುವಾಗ ಹೊಸ ನಾಳಕ್ಕೆ ಕೆಲಸ ಇರುವುದಿಲ್ಲ. ಕೆಲಸವಿಲ್ಲದ ನಾಳ ದಾರದಂತೆ ಸಣಕಲಾಗಿ ಮುಚ್ಚಿಹೋಗಬಹುದು. ಬೈಪಾಸಿಗೆ ಬಳಸುವ, ಎದೆಯೊಳಗಿನ ಒಳ್ಳೆಯ ನಾಳಗಳು ಇರುವುದೇ ಎರಡು. ಅವಸರದಲ್ಲಿ ಒಂದನ್ನು ಕಳೆದುಕೊಂಡರೆ, ನಿಜವಾಗಿ ಬೇಕಾದ ದಿನ ಎಲ್ಲಿಂದ ತರುವುದು?

ಅದಕ್ಕೇ ದಾರಿ ತೀವ್ರವಾಗಿ ಕಿರಿದಾಗಿದೆ, ಮತ್ತು ಅದರಿಂದ ಹೃದಯದ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಅನ್ನುವ ಎರಡೂ ಖಾತ್ರಿಯಾಗುವವರೆಗೆ ಕಾಯುತ್ತಾರೆ. ಎಡಗಡೆಯ ಮುಖ್ಯ ನಾಳದಲ್ಲೇ ಅಡಚಣೆ ಇದ್ದರೆ, ಮುಂಭಾಗದ ದೊಡ್ಡ ನಾಳದ ಬುಡದಲ್ಲಿದ್ದರೆ, ಎರಡು ಮೂರು ನಾಳ ಒಟ್ಟಿಗೆ ಕೆಟ್ಟಿದ್ದರೆ ಆಪರೇಷನ್ ಕಡೆಗೇ ವಾಲುತ್ತಾರೆ. ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಬೇಕಿದ್ದರೆ ವಾರ್ಫರಿನ್ ಮಾತ್ರೆ, ಹೇಳಿದ ದಿನ ತಪ್ಪದೆ ಎಕೋ.

ಮಗು ಕುಣೀತಾ ಓಡ್ತಾ ಇದೆ, ಎದೆನೋವು ಅಂತ ಒಂದಿನಾನೂ ಹೇಳಿಲ್ಲ. ಆದ್ರೂ ಆಪರೇಷನ್ ಬೇಕು ಅಂತಾರಲ್ಲ?

ನಂಬಲು ಕಷ್ಟ, ಆದರೆ ಈ ಕಾಯಿಲೆ ಹೀಗೇ ಮೋಸ ಮಾಡುತ್ತದೆ. ಕವಾಸಾಕಿಯಿಂದ ಹಾರ್ಟ್ ಅಟ್ಯಾಕ್ ಆದ 195 ಮಕ್ಕಳ ವಿವರ ಜಪಾನಿನಿಂದ 1986ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಕ್ಕಳಿಗೆ ಯಾವ ಲಕ್ಷಣವೂ ಇರಲಿಲ್ಲ. ಬಹಳಷ್ಟು ಅಟ್ಯಾಕ್ ಆಗಿದ್ದು ನಿದ್ದೆಯಲ್ಲೋ, ಸುಮ್ಮನೆ ಕೂತಿದ್ದಾಗಲೋ. ಲಕ್ಷಣ ಇದ್ದರೂ ಚಿಕ್ಕ ಮಕ್ಕಳು ಎದೆ ಹಿಡಿದುಕೊಂಡು ತೋರಿಸುವುದಿಲ್ಲ. ಸಮಾಧಾನವಾಗದ ಅಳು, ವಾಂತಿ, ಹೊಟ್ಟೆನೋವು, ಮುಖ ಬಿಳುಚಿಕೊಳ್ಳುವುದು, ಇಷ್ಟೇ. ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ಇಳಿ ತೆಗೆಯುವಷ್ಟರಲ್ಲಿ ಅಮೂಲ್ಯ ಸಮಯ ಹೋಗಿರುತ್ತದೆ. ದೊಡ್ಡ ಉಬ್ಬು ಇರುವ ಮಗು ಹೀಗೆ ಮಾಡಿದರೆ ನೇರ ಆಸ್ಪತ್ರೆಗೆ ಓಡಿ, ಹೋದ ಕೂಡಲೇ "ಕವಾಸಾಕಿ, ಕೊರೋನರಿ ಅನ್ಯೂರಿಸಂ" ಅಂತ ಹೇಳಿ.

ಇನ್ನೊಂದು ಕಾರಣವೂ ಇದೆ. ಮುಖ್ಯ ದಾರಿ ನಿಧಾನವಾಗಿ ಕಟ್ಟಿಕೊಂಡರೆ ಮಕ್ಕಳ ಹೃದಯ ಸಣ್ಣ ಸಣ್ಣ ಅಡ್ಡನಾಳ ಬೆಳೆಸಿಕೊಳ್ಳುತ್ತದೆ. ಆಟಕ್ಕೆ ಅದು ಸಾಕಾಗಬಹುದು, ಇಡೀ ಬಾಳಿಗೆ ಸಾಕಾಗುತ್ತದೆ ಅಂತ ನೆಚ್ಚಿಕೊಳ್ಳುವಂತಿಲ್ಲ.

ಆಪರೇಷನ್ ಬೇಕು ಅಂತ ಯಾವ ಟೆಸ್ಟ್ ನೋಡಿ ನಿರ್ಧರಿಸ್ತಾರೆ?

ಎಕೋದಲ್ಲಿ ಉಬ್ಬು ಚೆನ್ನಾಗಿ ಕಾಣುತ್ತದೆ, ಕಿರಿದಾಗಿರುವುದು ಅಷ್ಟು ಕಾಣುವುದಿಲ್ಲ. ಅದರಲ್ಲೂ ಮಗು ಬೆಳೆದು ಎದೆ ದಪ್ಪವಾದಂತೆ ಇನ್ನೂ ಕಷ್ಟ. ಅದಕ್ಕೇ ನಾಳದ ನಕ್ಷೆಗೆ ಸಿಟಿ ಆಂಜಿಯೋ, ಇಲ್ಲವೇ ತೊಡೆಯ ಮೂಲಕ ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆ ಹಾಕಿ ಮಾಡುವ ಆಂಜಿಯೋಗ್ರಾಂ. ರಕ್ತ ಸಾಲುತ್ತಿದೆಯೇ ಅಂತ ನೋಡಲು ನ್ಯೂಕ್ಲಿಯರ್ ಸ್ಕ್ಯಾನ್, ಹೃದಯಕ್ಕೆ ಹೆಚ್ಚು ಕೆಲಸ ಕೊಟ್ಟು ನೋಡುವ ಸ್ಟ್ರೆಸ್ ಎಂಆರ್‌ಐ ಅಥವಾ ಸ್ಟ್ರೆಸ್ ಎಕೋ. ಓಡಲು ಬರುವ ವಯಸ್ಸಾದರೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುವ ಟಿಎಂಟಿಯೂ ಮಾಡುತ್ತಾರೆ, ಆದರೆ ಅದೊಂದನ್ನೇ ನಂಬುವುದಿಲ್ಲ.

ಸ್ಟೆಂಟ್ ಹಾಕಿದ್ರೆ ಸಾಕಲ್ವಾ? ಎದೆ ಕುಯ್ಯೋದು ತಪ್ಪುತ್ತೆ.

ದೊಡ್ಡವರಿಗೆ ಹೇಳುವಷ್ಟು ಸುಲಭವಾಗಿ ಮಕ್ಕಳಿಗೆ ಹೇಳಲು ಆಗುವುದಿಲ್ಲ. ಸ್ಟೆಂಟ್ ಅಂದರೆ ನಾಳ ತೆರೆದಿಡಲು ಒಳಗೆ ಕೂರಿಸುವ ಜಾಲರಿ ಕೊಳವೆ, ಅದು ಮಗುವಿನ ಜೊತೆ ಬೆಳೆಯುವುದಿಲ್ಲ. ಕವಾಸಾಕಿಯ ಕಿರಿದಾದ ಜಾಗ ಸುಣ್ಣ ಕೂತು ಕಲ್ಲಿನಂತಿರುತ್ತದೆ, ಅದನ್ನು ಅಗಲಿಸಲು ನಾಳದೊಳಗೆ ಬಲೂನನ್ನು ಬಹಳ ಒತ್ತಡದಲ್ಲಿ ಊದಬೇಕಾಗುತ್ತದೆ, ಹಾಗೆ ಊದಿದರೆ ಅಲ್ಲೇ ಹೊಸ ಉಬ್ಬು ಹುಟ್ಟಿಕೊಳ್ಳುವ ಅಪಾಯವಿದೆ. ವಜ್ರದ ಪುಡಿ ಲೇಪಿಸಿದ ಪುಟ್ಟ ಬೈರಿಗೆಯಿಂದ ಸುಣ್ಣ ಕೊರೆಯುವ ರೋಟಾಬ್ಲೇಟರ್ ಅನ್ನುವ ವಿಧಾನ ಜಪಾನಿನಲ್ಲಿ ದೊಡ್ಡ ಮಕ್ಕಳಿಗೆ ಬಳಸಿದ್ದಾರೆ. ಅದಕ್ಕೂ ನಾಳ ಒಂದು ಮಟ್ಟಿಗೆ ದಪ್ಪ ಇರಬೇಕು. ಒಂದೇ ಕಡೆ ಚಿಕ್ಕ ಅಡಚಣೆ, ಹುಡುಗ ಹದಿಹರೆಯದವನು ಅಂದರೆ ಇದನ್ನು ಯೋಚಿಸುತ್ತಾರೆ. ಚಿಕ್ಕ ಮಗು, ಎಡ ಮುಖ್ಯ ನಾಳ, ಹಲವು ನಾಳ ಅಂದರೆ ಬೈಪಾಸೇ ಮೇಲು.

## ಆಪರೇಷನ್ ಬಗ್ಗೆ

ಹೊಸ ನಾಳ ಎಲ್ಲಿಂದ ತರ್ತಾರೆ? ನಮ್ಮ ಮಾವನಿಗೆ ಕಾಲಿಂದ ತೆಗೆದಿದ್ರು.

ಮಕ್ಕಳಿಗೆ ಎದೆಗೂಡಿನ ಒಳಗೋಡೆಯಲ್ಲಿ, ಎದೆ ಮೂಳೆಯ ಎರಡೂ ಪಕ್ಕ ಇಳಿದು ಬರುವ ನಾಳಗಳೇ ಮೊದಲ ಆಯ್ಕೆ. ಡಿಸ್ಚಾರ್ಜ್ ಕಾಗದದಲ್ಲಿ ಎಡಗಡೆಯದಕ್ಕೆ ಲಿಮಾ, ಬಲಗಡೆಯದಕ್ಕೆ ರಿಮಾ ಅಂತ ಬರೆದಿರುತ್ತಾರೆ. ಪೂರ್ತಿ ಕಿತ್ತು ತೆಗೆಯುವುದಿಲ್ಲ. ಮೇಲಿನ ಬುಡ ಹಾಗೇ ಬಿಟ್ಟು, ಕೆಳಗಿನ ತುದಿ ಬಿಡಿಸಿ, ಅದನ್ನು ಅಡಚಣೆ ದಾಟಿದ ಜಾಗದಲ್ಲಿ ಕೊರೋನರಿ ನಾಳಕ್ಕೆ ಹೊಲಿಯುತ್ತಾರೆ.

ಇಲ್ಲಿಗೆ ಬಂದು ತಲುಪಲು ಸಮಯ ಹಿಡಿಯಿತು. ಜಪಾನಿನ ಸರ್ಜನ್ ಸೋಯಿಚಿರೋ ಕಿತಾಮುರಾ ಮತ್ತು ಸಂಗಡಿಗರು ಕವಾಸಾಕಿ ಕಾಯಿಲೆಯ ಒಂದು ಮಗುವಿಗೆ ಕಾಲಿನ ನಾಳದಿಂದ ಬೈಪಾಸ್ ಮಾಡಿದ್ದನ್ನು 1976ರಲ್ಲಿ ವರದಿ ಮಾಡಿದರು. ಆಗ ಎಲ್ಲರೂ ಬಳಸುತ್ತಿದ್ದುದು ಅದನ್ನೇ. ಆದರೆ ಕಾಲಿನ ನಾಳ ಮಕ್ಕಳಲ್ಲಿ ಬಾಳಿಕೆ ಬರಲಿಲ್ಲ, ಮಗು ಎತ್ತರವಾದಂತೆ ಅದು ಜೊತೆಗೆ ಬೆಳೆಯಲಿಲ್ಲ. 1980ರ ದಶಕದಲ್ಲಿ ಅವರು ಎದೆಯ ನಾಳಕ್ಕೆ ಬದಲಾಯಿಸಿದರು. ಫಲಿತಾಂಶ ಎಷ್ಟು ಬೇರೆ ಅಂತ ಅವರೇ ಮುಂದೆ ತೋರಿಸಿದರು: 20 ವರ್ಷದ ನಂತರ ಎದೆಯ ನಾಳಗಳಲ್ಲಿ 87% ತೆರೆದೇ ಇದ್ದವು, ಕಾಲಿನವು 44% ಮಾತ್ರ. ಬಲ ಕೊರೋನರಿ ನಾಳಕ್ಕೆ ಹೊಟ್ಟೆಯ ಪಕ್ಕದ ಒಂದು ನಾಳವನ್ನು ಮೇಲಕ್ಕೆ ತಂದು ಜೋಡಿಸುವುದೂ ಉಂಟು.

ಮಗು ಬೆಳೆದ ಹಾಗೆ ಜೋಡಿಸಿದ ನಾಳ ಗಿಡ್ಡ ಆಗಿ ಎಳೆಯಲ್ವಾ?

ಒಳ್ಳೆ ಪ್ರಶ್ನೆ. ಇಡೀ ವಿಷಯದ ತಿರುಳೇ ಇದು. ಬುಡ ಬಿಡದ ಎದೆಯ ನಾಳ ಜೀವಂತ ನಾಳ, ಮಗುವಿನ ಜೊತೆ ಉದ್ದವೂ ಆಗುತ್ತದೆ, ದಪ್ಪವೂ ಆಗುತ್ತದೆ. ವರ್ಷಗಳ ನಂತರ ಮತ್ತೆ ಆಂಜಿಯೋಗ್ರಾಂ ಮಾಡಿ ಜಪಾನಿನವರು ಇದನ್ನು ಅಳೆದು ನೋಡಿದ್ದಾರೆ.

ಅಷ್ಟು ಸಣ್ಣ ನಾಳಕ್ಕೆ ಹೊಲಿಗೆ ಹೇಗೆ ಸಾಧ್ಯ?

ಚಿಕ್ಕ ಮಕ್ಕಳಲ್ಲಿ ಆ ನಾಳಗಳು ಒಂದು, ಒಂದೂವರೆ ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಸರ್ಜನ್ನರು ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಹೊಲಿಯುತ್ತಾರೆ. ದೊಡ್ಡವರಲ್ಲಿ ಹೃದಯ ಬಡಿಯುತ್ತಿರುವಾಗಲೇ ಬೈಪಾಸ್ ಮಾಡುವುದುಂಟು. ಪುಟ್ಟ ಮಕ್ಕಳಲ್ಲಿ ಸಾಮಾನ್ಯವಾಗಿ ಮೆಷಿನ್ ಮೇಲೆ ಹಾಕಿ, ಹೃದಯ ನಿಲ್ಲಿಸಿಯೇ ಮಾಡುತ್ತಾರೆ. ಹೊಲಿಗೆ ಒಂದು ಕೂದಲೆಳೆ ಆಚೀಚೆ ಆದರೂ ಕೆಟ್ಟಿತು ಅನ್ನುವ ಕೆಲಸ, ಕದಲದೆ ಇದ್ದರೇ ಒಳ್ಳೆಯದು.

ಉಬ್ಬಿದ ಭಾಗವನ್ನು ಕತ್ತರಿಸಿ ತೆಗೀತಾರಾ?

ಸಾಮಾನ್ಯವಾಗಿ ಇಲ್ಲ, ಅದು ಅಲ್ಲೇ ಇರುತ್ತದೆ. ಆದ್ದರಿಂದಲೇ ಆಪರೇಷನ್ ಆದ ಮೇಲೂ ರಕ್ತ ತೆಳುವಾಗಿಸುವ ಮಾತ್ರೆ ಮುಂದುವರಿಯಬಹುದು.

ಎಷ್ಟು ಚಿಕ್ಕ ಮಗುವಿಗೆ ಮಾಡಬಹುದು? ಬದುಕುಳಿಯೋ ಚಾನ್ಸ್ ಎಷ್ಟು, ನೇರವಾಗಿ ಹೇಳಿ.

ಕಿತಾಮುರಾ ತಂಡ 2009ರಲ್ಲಿ ಪ್ರಕಟಿಸಿದ ಲೆಕ್ಕವನ್ನೇ ಹೇಳುತ್ತೇನೆ. ಒಂದು ವರ್ಷದ ಮಗುವಿನಿಂದ 19 ವರ್ಷದವರವರೆಗೆ 114 ಜನ, ನಡುವಿನ ವಯಸ್ಸು 10. ಆಪರೇಷನ್ ಸಮಯದಲ್ಲಿ, ಆಸ್ಪತ್ರೆಯಲ್ಲಿ ಇದ್ದಾಗ ಒಂದು ಮಗುವೂ ಸಾಯಲಿಲ್ಲ. 25 ವರ್ಷದ ಹೊತ್ತಿಗೆ ಬದುಕಿರುವ ಪ್ರಮಾಣ 95%. ಬಹಳ ದೊಡ್ಡ ಮಾತು ಇದು.

ಆದರೆ ಅದೇ ವರದಿಯ ಇನ್ನೊಂದು ಅಂಕಿಯನ್ನೂ ಓದಿಕೊಳ್ಳಬೇಕು. ಹೃದಯದ ಯಾವ ತೊಂದರೆಯೂ ಇಲ್ಲದೆ 25 ವರ್ಷ ಕಳೆದವರು 60% ಮಾತ್ರ. ಉಳಿದವರಲ್ಲಿ ಹೆಚ್ಚಿನವರಿಗೆ ಮತ್ತೆ ಬಲೂನ್, ಇಲ್ಲವೇ ಇನ್ನೊಂದು ಆಪರೇಷನ್ ಬೇಕಾಯಿತು. ಇದು ಈ ಕೆಲಸದಲ್ಲಿ ಪಳಗಿದ ತಂಡದ ಲೆಕ್ಕ ಅನ್ನುವುದೂ ನೆನಪಿರಲಿ. ಎಲ್ಲ ಆಸ್ಪತ್ರೆಗೂ ಇದೇ ಅಂಕಿ ಅಂತ ಅಂದುಕೊಳ್ಳಲು ಬರುವುದಿಲ್ಲ.

ಯಾವ ಆಸ್ಪತ್ರೆಗೆ ಹೋಗೋದು? ದುಡ್ಡಿನ ವಿಷಯ ಏನು?

ಹೆಸರು ಹೇಳುವುದಿಲ್ಲ, ಏನು ಕೇಳಬೇಕು ಅಂತ ಹೇಳುತ್ತೇನೆ. ಮಕ್ಕಳ ಹೃದಯ ಸರ್ಜನ್ನರಿಗೆ ತೂತು, ವಾಲ್ವ್ ಕೆಲಸ ದಿನನಿತ್ಯದ್ದು, ಬೈಪಾಸ್ ಕೈಗೆ ಅಷ್ಟು ಬಂದಿರುವುದಿಲ್ಲ. ದೊಡ್ಡವರ ಸರ್ಜನ್ನರಿಗೆ ಬೈಪಾಸ್ ನೀರು ಕುಡಿದಷ್ಟು ಸಲೀಸು, ಮಕ್ಕಳು ಹೊಸಬರು. ಇಬ್ಬರೂ ಒಟ್ಟಿಗೆ ನಿಂತು ಮಾಡುವ ಕಡೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. "ಮಕ್ಕಳಿಗೆ ಇದನ್ನು ಮಾಡಿದ್ದೀರಾ? ಎದೆಯ ನಾಳವನ್ನೇ ಬಳಸುತ್ತೀರಾ? ಮಕ್ಕಳ ಐಸಿಯು ಬೇರೆ ಇದೆಯಾ?" ಅಂತ ಧೈರ್ಯವಾಗಿ ಕೇಳಿ. ಬೇಜಾರಾಗುವ ಡಾಕ್ಟರಾದರೆ ಅದೂ ಒಂದು ಉತ್ತರವೇ. ಬೇರೆ ಕಡೆ ಇನ್ನೊಂದು ಅಭಿಪ್ರಾಯ ಪಡೆಯುವುದು ಅವಮಾನವಲ್ಲ.

ಕರ್ನಾಟಕದವರಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಕಾಗದ ಕೇಳುವುದುಂಟು. ಬಿಲ್ ಆದ ಮೇಲೆ ಓಡಾಡಿದರೆ ಕಷ್ಟ.

## ಮನೆಗೆ ಬಂದ ಮೇಲೆ

ಎಷ್ಟು ದಿನಕ್ಕೆ ಮಾಮೂಲಿ ಆಗುತ್ತೆ? ಎತ್ತಿಕೊಳ್ಳಬಹುದಾ?

ಎಲ್ಲ ಸರಿಯಿದ್ದರೆ ಐಸಿಯುನಲ್ಲಿ ಕೆಲವು ದಿನ, ಒಟ್ಟು ಒಂದೆರಡು ವಾರದಲ್ಲಿ ಮನೆಗೆ. ಎದೆ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಎತ್ತಬೇಡಿ, ಕೈ ಹಿಡಿದು ಎಳೆಯಬೇಡಿ. ಒಂದು ಕೈ ಬೆನ್ನ ಕೆಳಗೆ, ಒಂದು ಕೈ ತೊಡೆಯ ಕೆಳಗೆ ಕೊಟ್ಟು ಎತ್ತಬೇಕು. ನೋಡಲು ಬರುವ ನೆಂಟರಿಗೆಲ್ಲ ಇದನ್ನು ಬಾಗಿಲಲ್ಲೇ ಹೇಳಿ. ಸೈಕಲ್, ಶಾಲೆಯ ಭಾರದ ಬ್ಯಾಗ್ ಎರಡೂ ಸದ್ಯಕ್ಕೆ ಬೇಡ. ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ, ಎದೆ ಮೂಳೆ ಕಟಕ್ ಅಂದರೆ ಕಾಯದೆ ಹೋಗಿ ತೋರಿಸಿ.

ಆಸ್ಪಿರಿನ್, ವಾರ್ಫರಿನ್ ಕೊಡುವಾಗ ಏನು ಎಚ್ಚರ? ಸೊಪ್ಪು ತಿನ್ನಬಾರದಂತೆ ಹೌದಾ?

ಸೊಪ್ಪು ಬಿಡಬೇಕಿಲ್ಲ. ವಾರ್ಫರಿನ್ ಕೆಲಸವನ್ನು ಸೊಪ್ಪಿನಲ್ಲಿರುವ ವಿಟಮಿನ್ ಕೆ ಕುಗ್ಗಿಸುತ್ತದೆ ನಿಜ, ಆದರೆ ತೊಂದರೆ ಬರುವುದು ಏರುಪೇರಿನಿಂದ. ವಾರಕ್ಕೆರಡು ದಿನ ಸೊಪ್ಪಿನ ಸಾರು ರೂಢಿಯಿದ್ದರೆ ಹಾಗೇ ಮುಂದುವರಿಸಿ. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಏನೂ ಇಲ್ಲ ಅಂದರೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ತೋರಿಸುವ ಐಎನ್‌ಆರ್ ಅಂಕಿ ಕುಣಿಯುತ್ತದೆ. ಸಾಮಾನ್ಯವಾಗಿ ಅದನ್ನು 2ರಿಂದ 3ರ ಒಳಗೆ ಇಡಲು ನೋಡುತ್ತಾರೆ. ಹೊಸ ಆಂಟಿಬಯೋಟಿಕ್ ಇರಲಿ, ನಾಟಿ ಔಷಧಿ ಇರಲಿ, ಕೇಳದೆ ಕೊಡಬೇಡಿ.

ಜ್ವರಕ್ಕೆ ಐಬುಪ್ರೊಫೆನ್ ಕೊಡಬೇಡಿ, ಅದು ಆಸ್ಪಿರಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಪ್ಯಾರಾಸಿಟಮಾಲ್ ಸಾಕು. ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗ್ಯೂ ಇರಬಹುದು, ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಆಸ್ಪಿರಿನ್ ಇದ್ದರೆ ರಕ್ತಸ್ರಾವದ ಭಯ. ಹಾಗಂತ ನೀವೇ ನಿಲ್ಲಿಸಿದರೆ ನಾಳದಲ್ಲಿ ಹೆಪ್ಪುಗಟ್ಟುವ ಭಯ. ಅದೇ ದಿನ ಹೃದಯದ ಡಾಕ್ಟರಿಗೆ ಫೋನ್ ಮಾಡುವುದೇ ದಾರಿ. ಹಲ್ಲು ಕೀಳಿಸುವ ಮೊದಲು, ಸೊಂಟಕ್ಕೋ ತೊಡೆಗೋ ಇಂಜೆಕ್ಷನ್ ಕೊಡಿಸುವ ಮೊದಲು ಮಾತ್ರೆಗಳ ಹೆಸರು ಹೇಳಿ.

ಲಸಿಕೆ ಹಾಕಿಸಬಹುದಾ?

ಹಾಕಿಸಬೇಕು. ಐವಿಐಜಿ ಕೊಟ್ಟಿದ್ದರೆ ದಡಾರ-ರುಬೆಲ್ಲಾ, ಸೀತಾಳೆ ಸಿಡುಬು ಅಂದರೆ ಚಿಕನ್‌ಪಾಕ್ಸ್ ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದಕ್ಕೆ ಹಾಕುತ್ತಾರೆ, ಇಲ್ಲದಿದ್ದರೆ ಅವು ಸರಿಯಾಗಿ ಹಿಡಿಯುವುದಿಲ್ಲ. ಅಂಗನವಾಡಿ ಕಾರ್ಡಿನಲ್ಲಿ ಈ ದಿನಾಂಕ ಬರೆಸಿಡಿ. ಆಸ್ಪಿರಿನ್ ತೆಗೆದುಕೊಳ್ಳುವ ಮಗುವಿಗೆ ವರ್ಷವರ್ಷ ಫ್ಲೂ ಲಸಿಕೆಯೂ ಬೇಕು. ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದಾಗ ಆಸ್ಪಿರಿನ್ ಇದ್ದರೆ ಮೆದುಳು, ಲಿವರ್ ಕೆಡಿಸುವ ರೈ ಸಿಂಡ್ರೋಮ್ ಅನ್ನುವ ಅಪರೂಪದ ಅಪಾಯವಿದೆ.

ಕಬಡ್ಡಿ, ಕ್ರಿಕೆಟ್ ಎಲ್ಲಾ ಬಿಟ್ಟುಬಿಡಬೇಕಾ?

ಎಲ್ಲ ಬಿಡಿಸಿ ಮೂಲೆಯಲ್ಲಿ ಕೂರಿಸಬೇಡಿ, ಅದು ಬೇರೆಯದೇ ಕಾಯಿಲೆಗೆ ದಾರಿ. ಸ್ಟ್ರೆಸ್ ಟೆಸ್ಟ್ ಸರಿಯಿದ್ದರೆ ಓಟ, ಈಜು, ಸೈಕಲ್ಲಿಗೆ ಹೆಚ್ಚಾಗಿ ಒಪ್ಪುತ್ತಾರೆ. ವಾರ್ಫರಿನ್ ತೆಗೆದುಕೊಳ್ಳುವಾಗ ಮಾತ್ರ ಕಬಡ್ಡಿ, ಕುಸ್ತಿಯಂಥ ಮೈಗೆ ಮೈ ತಾಗುವ ಆಟ ಬೇಡ. ಗಟ್ಟಿ ಚೆಂಡಿನ ಕ್ರಿಕೆಟ್ ಬಗ್ಗೆ ಕೇಳಿ ತೀರ್ಮಾನಿಸಿ. ಪಿಟಿ ಮೇಷ್ಟ್ರಿಗೆ ಏನು ಮಾಡಬಹುದು, ಏನು ಬೇಡ ಅಂತ ಡಾಕ್ಟರಿಂದ ಬರೆಸಿ ಕೊಡಿ. ಬಾಯಿಮಾತು ಮುಂದಿನ ವರ್ಷದ ಮೇಷ್ಟ್ರಿಗೆ ತಲುಪುವುದಿಲ್ಲ.

## ಮುಂದಿನ ವರ್ಷಗಳು

ಜೋಡಿಸಿದ ನಾಳವೇ ಮತ್ತೆ ಕಟ್ಟಿಕೊಂಡರೆ?

ಮೊದಲ ವರ್ಷದಲ್ಲಿ ಹೊಲಿಗೆ ಹಾಕಿದ ಜಾಗ ಕಿರಿದಾಗಬಹುದು. ಅಲ್ಲಿ ಸುಣ್ಣ ಇರುವುದಿಲ್ಲವಾದ್ದರಿಂದ ಬಲೂನಿಗೆ ಚೆನ್ನಾಗಿ ಬಗ್ಗುತ್ತದೆ. ಆದ್ದರಿಂದ ಆಪರೇಷನ್ ಆದ ಕೆಲವು ತಿಂಗಳ ಮೇಲೆ ಮತ್ತೆ ಆಂಜಿಯೋ ಅಂದರೆ "ಏನೋ ಎಡವಟ್ಟಾಗಿದೆ" ಅಂತ ಗಾಬರಿಯಾಗಬೇಡಿ. ಅದು ಯೋಜನೆಯ ಭಾಗವೇ. ಬೈಪಾಸ್ ಮಾಡದ ಬೇರೆ ನಾಳದಲ್ಲಿ ವರ್ಷಗಳ ನಂತರ ಅಡಚಣೆ ಬರಬಹುದು, ಅದಕ್ಕೇ ಫಾಲೋಅಪ್ ಜೀವನಪೂರ್ತಿ. ಹೃದಯದ ಸ್ನಾಯುವೇ ಪೂರ್ತಿ ಸೋತುಹೋದ ಬೆರಳೆಣಿಕೆಯ ಮಕ್ಕಳಿಗೆ ಹೃದಯ ಕಸಿ ಮಾಡಿರುವುದೂ ಇದೆ.

ಕೋವಿಡ್ ಆದಮೇಲೆ ನಮ್ಮ ಹುಡುಗನಿಗೂ ನಾಳ ಊದಿತ್ತು. ಅವನಿಗೂ ಬೈಪಾಸ್ ಬೇಕಾಗುತ್ತಾ?

2020ರಿಂದ ಕಂಡ ಆ ಕಾಯಿಲೆಯ ಹೆಸರು ಮಿಸ್-ಸಿ. ಕವಾಸಾಕಿಯನ್ನೇ ಹೋಲುತ್ತದೆ, ಆದರೆ ಬೇರೆ. ಅದರಲ್ಲಿ ನಾಳದ ಉಬ್ಬು ಹೆಚ್ಚಾಗಿ ಚಿಕ್ಕದು, ಬಹುಪಾಲು ಮಕ್ಕಳಲ್ಲಿ ಮಾಮೂಲಿಗೆ ಬಂದಿದೆ. ಕೊನೆಯ ಎಕೋದಲ್ಲಿ ಏನು ಬರೆದಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಹೆಣ್ಣು ಮಗು. ಮದುವೆ, ಹೆರಿಗೆ ಎಲ್ಲ ಸಾಧ್ಯನಾ?

ಅಜ್ಜಿಯಂದಿರು ಮೆಲ್ಲಗೆ ಕೇಳುವ ಪ್ರಶ್ನೆ. ಕವಾಸಾಕಿಯಿಂದ ನಾಳ ಕೆಟ್ಟ ಹೆಣ್ಣುಮಕ್ಕಳು ದೊಡ್ಡವರಾಗಿ, ಗರ್ಭಿಣಿಯಾಗಿ, ಸುಖವಾಗಿ ಹೆತ್ತಿದ್ದಾರೆ. ಆದರೆ ಗರ್ಭ ನಿಲ್ಲುವ ಮೊದಲೇ ಡಾಕ್ಟರ ಹತ್ತಿರ ಹೋಗಬೇಕು. ವಾರ್ಫರಿನ್ ಮತ್ತು ಕೆಲವು ಬಿಪಿ, ಹೃದಯದ ಮಾತ್ರೆಗಳು ಹೊಟ್ಟೆಯ ಕೂಸಿಗೆ ಕೆಡುಕು, ಅವನ್ನು ಬದಲಾಯಿಸಬೇಕಾಗುತ್ತದೆ. ವಾರ್ಫರಿನ್ ಇದ್ದರೆ ಮೈನೆರೆದ ಮೇಲೆ ಮುಟ್ಟಿನ ರಕ್ತಸ್ರಾವ ಜಾಸ್ತಿಯಾಗಬಹುದು, ಹುಡುಗಿ ನಾಚಿಕೊಂಡು ಮುಚ್ಚಿಡದಂತೆ ಮೊದಲೇ ಹೇಳಿಡಿ. ಇನ್ನು ಗಂಡಿನ ಕಡೆಯವರಿಂದ ವಿಷಯ ಮುಚ್ಚಿಡಬೇಕಾ ಅಂತ ಕೇಳುತ್ತಾರೆ. ಎದೆಯ ಮೇಲೆ ಗೆರೆ ಇದೆ, ದಿನಾ ಮಾತ್ರೆ ಇದೆ, ಮುಚ್ಚಿಟ್ಟು ಎಷ್ಟು ದಿನ? ಮಾತ್ರೆ ತಪ್ಪಿಸಿ ಬದುಕಬೇಕಾದ ಮನೆಗೆ ಕೊಡುವುದಕ್ಕಿಂತ ಹೇಳಿ ಕೊಡುವುದು ವಾಸಿ.

ಹದಿನೆಂಟು ಆದಮೇಲೆ ಯಾವ ಡಾಕ್ಟರ ಹತ್ರ ಹೋಗೋದು?

ಮಕ್ಕಳ ಹೃದಯ ತಜ್ಞರಿಂದ ದೊಡ್ಡವರ ಹೃದಯ ತಜ್ಞರಿಗೆ. ಈ ದಾಟುವಿಕೆಯಲ್ಲೇ ಬಹಳ ಜನ ಕೈತಪ್ಪುತ್ತಾರೆ. ಹುಡುಗ ಓದಲು ಬೇರೆ ಊರಿಗೆ ಹೋಗುತ್ತಾನೆ, ಆರಾಮಾಗಿದ್ದೀನಿ ಅಂತ ಮಾತ್ರೆ ಬಿಡುತ್ತಾನೆ, ಅಪ್ಪ ಅಮ್ಮನಿಗೆ ಗೊತ್ತಾಗುವುದಿಲ್ಲ. ಹದಿನಾಲ್ಕು ಹದಿನೈದಕ್ಕೇ ಅವನಿಗೆ ಅವನ ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ ಅಂತ ಬಾಯಿಪಾಠ ಆಗಿರಬೇಕು, ಮತ್ತು ಡಾಕ್ಟರ ಹತ್ತಿರ ಅವನೇ ಮಾತಾಡಲಿ. ಹೊಸ ಡಾಕ್ಟರು ಕವಾಸಾಕಿ ಕೇಸು ಹೆಚ್ಚು ನೋಡಿರದೆ ಇರಬಹುದು, ಹಾಗಾಗಿ ಇದನ್ನು ಮಾಮೂಲಿ ಕೊಬ್ಬಿನ ಬ್ಲಾಕ್ ಅಂದುಕೊಳ್ಳುವ ಸಂಭವವಿದೆ. ಒಂದು ಫೈಲಿನಲ್ಲಿ ಇಷ್ಟು ಇರಲಿ: ಮೊದಲ ಜ್ವರದ ಡಿಸ್ಚಾರ್ಜ್ ಕಾಗದ, ಯಾವ ನಾಳವನ್ನು ಎಲ್ಲಿಗೆ ಜೋಡಿಸಿದರು ಅನ್ನುವ ಆಪರೇಷನ್ ನೋಟ್, ಆಂಜಿಯೋಗ್ರಾಂ ಸಿಡಿ, ಇತ್ತೀಚಿನ ಎಕೋ. ಎಲ್ಲವನ್ನೂ ಫೋನಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ, ಹಾಸ್ಟೆಲ್ ಬದಲಾಯಿಸುವಾಗ ಮೊದಲು ಕಳೆದುಹೋಗುವುದು ಆ ಫೈಲೇ.